ಬೇಗಡಿ ಮಂಟಪದೊಳಗಿನ ಜಿಪಿಎಸ್

ದಸರೆಯ ಖಂಡೇಪೂಜೆಗೆಂದು ಮೊನ್ನೆ ಕಾರು ತೊಳೆಯುವಾಗ ಮುಂದಿನ ಖಾನೆಯಿಂದ ಹಳೆಯ ಜಿಪಿಎಸ್ ಡಬ್ಬಿ ಕೈಗೆ ಬಂತು. ಬಿಸಿಲಿಗೆ ಬೆಂದ ರಬ್ಬರಿನ ವಾಸನೆ, ಅಂಚಿನಲ್ಲಿ ಇನ್ನೂ ಅಂಟಿಕೊಂಡಿದ್ದ ವಿಭೂತಿ... ಕೂಡಲೇ ನಮ್ಮ ಓಣಿಯ ಅಕ್ಕೋರು ನೆನಪಾದರು.

ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಾನು ಅವರ ಕೈಯಲ್ಲಿ ಕಲಿತವನಲ್ಲ. ಆರನೆಯ ತರಗತಿಗೇ ಶಾಲೆ ಬಿಟ್ಟು, ಲಾರಿ ತೊಳೆದು, ಲಾರಿ ಓಡಿಸಿ, ಸ್ವಂತ ಕಾರು ಮಾಡಿಕೊಂಡವನು. ಅದಕ್ಕೆ ಜಿಪಿಎಸ್ ಕೂಡಿಸಿದಾಗ ನಮ್ಮ ಸ್ಟ್ಯಾಂಡಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಹುಣಸಗಿಯಾಚೆ ಕಾಲುವೆ ಬದಿಗಿದ್ದ ಅಕ್ಕೋರ ಅಣ್ಣನ ಹೊಲಕ್ಕೆ ಒಮ್ಮೆ ಹೋದಾಗ ಅವರೇ ಆ ಜಾಗವನ್ನು ಅದರಲ್ಲಿ ಗುರುತು ಹಾಕಿಸಿದ್ದರು.

ಆ ವರ್ಷ ಪೂಜೆಯ ಮರುದಿನವೇ ಆ ಅಣ್ಣ ತೀರಿಕೊಂಡ ಸುದ್ದಿ ಬಂತು. ಅವರ ಮನೆತನದಲ್ಲಿ ಸ್ವಂತ ಹೊಲದಲ್ಲೇ ಹೂಳುವುದು.

"ಮಣ್ಣಾಗೂದರಾಗ ಅಣ್ಣನ ಮುಖ ನೋಡಬೇಕಪ್ಪ," ಎಂದಷ್ಟೇ ಹೇಳಿ ಕಾರು ಹತ್ತಿದರು.

ಸುರಪುರ, ಹುಣಸಗಿ ದಾಟಿ ಕಾಲುವೆಯ ದಾರಿಗೆ ಬಿದ್ದೆವು. ಎಲ್ಲ ಏರಿಗಳೂ ಒಂದೇ ಥರ, ಎತ್ತ ನೋಡಿದರೂ ಭತ್ತ. ಹೊತ್ತು ಇಳಿಯುತ್ತಿತ್ತು. ಫೋನು ಹತ್ತಲಿಲ್ಲ. ಡಬ್ಬಿಯಂತೂ ಹುಡುಕುತ್ತಲೇ ಇತ್ತು, ದಾರಿ ತೋರಿಸಲೊಲ್ಲದು.

"ಇವತ್ತೇ ಕೆಟ್ಟು ಕುಂತದ್ರಿ ಅಕ್ಕೋರೆ! ಯಾವುದರ ಒಂದು ದಾರಿ ಹಿಡಿದುಬಿಡ್ತೀನಿ."

ಅವರು ಕಣ್ಣೊರೆಸಿಕೊಂಡು ಮುಂದೆ ಬಾಗಿದರು. ಪೂಜೆಗೆಂದು ನಾನು ಡಬ್ಬಿಯ ಬೆನ್ನು, ನೆತ್ತಿ ಎಲ್ಲ ಮುಚ್ಚಿ ಹೊಳೆಯುವ ತಗಡಿನ ಬೇಗಡಿ ಹಾಳೆಯ ಮಂಟಪ ಕಟ್ಟಿದ್ದೆ.

"ದೇವರು ಮಾಡಿ ಕೂಡಿಸಿಯೇನಪ್ಪ ಇದನ್ನ? ತಗಡಿನೊಳಗ ಕುಂತರ ಮ್ಯಾಲಿನ ಉಪಗ್ರಹದ ಕೂಗು ಹ್ಯಾಂಗ ಕೇಳ್ತದ? ಬಿಚ್ಚು. ಕಾರು ಬಯಲಾಗ ನಿಲ್ಲಸು."

ಬಿಚ್ಚಿ, ನಿಲ್ಲಿಸಿದೆ. ಆದರೂ ಹೊರಟೇಬಿಡುವ ಅವಸರದಲ್ಲಿ ನನ್ನ ಕೈ ಗೇರಿನ ಮೇಲೇ ಇತ್ತು. ಅವರು ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳತೊಡಗಿದರು.

"ಒಂದೊಂದು ಉಪಗ್ರಹ 'ನಾ ಇಲ್ಲಿದೀನಿ, ಈಗಿಷ್ಟು ಹೊತ್ತು' ಅಂತ ಕೂಗ್ತದ. ಆ ಕೂಗು ಬರಾಕ ಹಿಡಿದ ಹೊತ್ತಿನ ಮ್ಯಾಲೆ ದೂರ ತಿಳೀತದ. ಸುರಪುರದಿಂದ ಇಷ್ಟು ದೂರ ಅಂದ್ರ ನಾವು ಅದರ ಸುತ್ತ ಎಲ್ಲರ ಇರಬಹುದು. ಶಹಾಪುರದಿಂದನೂ ಇಷ್ಟು ಅಂದ್ರ ಎರಡೇ ಜಾಗ. ಹುಣಸಗಿಯಿಂದನೂ ಇಷ್ಟು ಅಂದ್ರ ಒಂದೇ ಜಾಗ. ಹಂಗ."

"ಮೂರು ಸಾಕ್ರಿ ಹಂಗಾರ?"

"ನಾಲ್ಕು ಬೇಕು. ಡಬ್ಬಿಯೊಳಗಿನ ಗಡಿಯಾರ ನಿನ್ನಂಗ ಅವಸರದ್ದು, ಅದನ್ನ ತಿದ್ದಾಕ ಒಂದು."

ಅಂಥ ಹೊತ್ತಿನಲ್ಲೂ ನಾನು ನಕ್ಕೆ. ಕೈ ಗೇರು ಬಿಟ್ಟು ಇಳಿದಿತ್ತು, ಅವಸರವೂ. ಅದಕ್ಕೆಂದೇ ಪಾಠ ಹೇಳಿದ್ದರೆಂದು ಎಷ್ಟೋ ದಿನದ ಮೇಲೆ ಹೊಳೆಯಿತು... ಎದೆಯೊಳಗೆ ಅಷ್ಟು ಸಂಕಟ ಇಟ್ಟುಕೊಂಡು, ಶಾಲೆ ಬಿಟ್ಟವನ ಮುಂದೆ ಅಕ್ಕೋರಾಗಿಯೇ ಕುಳಿತಿದ್ದರು.

ನಕಾಶೆ ಮೂಡಿತು. ತಿರುವು ಹಿಂದೆಯೇ ಉಳಿದಿತ್ತು. ಕಾರು ಹೊರಳಿಸಿದೆ. ಬೇವಿನ ಮರದ ಕೆಳಗೆ ಜನ ಎದ್ದು ನಿಂತಿದ್ದರು, ಕುಣಿ ತಯಾರಿತ್ತು. ಅಕ್ಕೋರು ಓಡಿಹೋಗಿ ಅಣ್ಣನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಾಯಿಬಿಟ್ಟು ಅತ್ತದ್ದು ಆಗಲೇ.

ಹೋದ ಬೇಸಿಗೆಯಲ್ಲಿ ಅದೇ ಬೇವಿನ ಕೆಳಗೆ ಅವರಿಗೂ ಮಣ್ಣು ಕೊಟ್ಟು ಬಂದೆ. ಅವತ್ತು ದಾರಿ ಯಾರನ್ನೂ ಕೇಳಲಿಲ್ಲ.

ಮೊನ್ನೆ ಹೆಂಡತಿ ಬೇಗಡಿ ಹಾಳೆ ಹಿಡಿದು ಬಂದಳು. "ಸತ್ತ ಡಬ್ಬಿಗೂ ಪೂಜೆ ಏನ್ರಿ?"

"ಇರಲಿ. ಬೇಗಡಿ ಮಾತ್ರ ಬ್ಯಾಡ."

ಒಂದು ಚೆಂಡುಹೂವನ್ನು ಬುಡಕ್ಕಿಟ್ಟು, ಅದರ ನೆತ್ತಿಯನ್ನು ಆಕಾಶಕ್ಕೆ ಬಿಟ್ಟೆ.