ಕಾಕನ ದಿಕ್ಸೂಚಿ

ಮೊನ್ನೆ ಪುತ್ತೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಕೆಂಪಗೆ ಕಾದ ಕಬ್ಬಿಣವನ್ನು ಯಾರೋ ನೀರಿಗೆ ಅದ್ದಿದ ವಾಸನೆ ಬಂತು. ಅದು ಮೂಗಿಗೆ ಬಡಿದರೆ ಸಾಕು, ನಾನು ಕಬಕದ ಕಾಕನ ಶೆಡ್ಡಿನಲ್ಲಿರುತ್ತೇನೆ...

ಕಾಕ ನಮ್ಮ ನೆರೆಮನೆಯವರು. ಲಾರಿಯ ಸ್ಪ್ರಿಂಗ್ ಪಟ್ಟಿಗಳನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸುವುದು ಅವರ ಕೆಲಸ. ಹದ ನೋಡಲು ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ತಂತಿಗೆ ಕಟ್ಟಿ ಇಟ್ಟುಕೊಂಡಿದ್ದರು. ಕಾದ ಪಟ್ಟಿಗೆ ಅದು ಅಂಟದಿದ್ದರೆ ಹದ ಬಂತೆಂದು ಲೆಕ್ಕ. ನಾನಾಗ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಅದನ್ನೇ ನಮಗೆ ಕಾಲೇಜಿನಲ್ಲಿ ತಿಂಗಳುಗಟ್ಟಲೆ ಕಲಿಸಿದ್ದರು: ವಿಪರೀತ ಕಾವಿನಲ್ಲಿ ಕಬ್ಬಿಣಕ್ಕೆ ಎಲ್ಲ ದಿಕ್ಕೂ ಒಂದೇ, ಆರುವಾಗ ಆ ಸಮತೆ ಮುರಿದು ಅದು ಒಂದು ದಿಕ್ಕನ್ನು ಆರಿಸಿಕೊಳ್ಳುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ. ನಾನು ಅರೆಕೊಡ.

"ಕಾಕ, ನಿಮ್ಮ ದಿಕ್ಸೂಚಿಯ ಮುಳ್ಳನ್ನು ಕಾಯಿಸಿದ್ರೆ ದಿಕ್ಕು ಮರೀತದೆ. ತಣಿದ ಮೇಲೆ ಪುನಃ ನೆನಪಾಗ್ತದೆ," ಎಂದೆ.

ನಮಾಜಿನ ದಿಕ್ಕು ನೋಡಲೆಂದು ಗಲ್ಫಿನಿಂದ ಅವರ ತಮ್ಮ ಕಳಿಸಿದ್ದ ದಿಕ್ಸೂಚಿ ಅದು. ತಮ್ಮ ಅಲ್ಲೇ ತೀರಿಹೋಗಿದ್ದ. ಅವನದೆಂದು ಉಳಿದದ್ದು ಅದೊಂದೇ.

"ಹೌದಾ? ಮಾಡಿ ತೋರಿಸು ನೋಡುವ," ಎಂದು ಕಾಕ ಬಿಚ್ಚಿ ಕೊಟ್ಟೇಬಿಟ್ಟರು. ನನ್ನ ಓದಿನ ಮೇಲೆ ಅಷ್ಟು ನಂಬಿಕೆ.

ಕಾಯಿಸಿದೆ, ಆರಿಸಿದೆ. ಮುಳ್ಳು ದೂಡಿದಲ್ಲೇ ನಿಂತಿತು. ಆರುವಾಗ ಕಬ್ಬಿಣದ ಒಂದೊಂದು ಕಣವೂ ತನಗೆ ತೋಚಿದ ದಿಕ್ಕನ್ನು ಹಿಡಿಯುತ್ತದೆ, ಒಟ್ಟಿನಲ್ಲಿ ಮುಳ್ಳಿಗೆ ಯಾವ ದಿಕ್ಕೂ ಇರುವುದಿಲ್ಲ... ಪುಸ್ತಕದಲ್ಲಿ ಅದೂ ಇತ್ತು, ನಾನು ಆ ಪುಟ ಹಾರಿಸಿದ್ದೆ. ಕಾಕ ಅಯಸ್ಕಾಂತಕ್ಕೆ ಉಜ್ಜಿ ನೋಡಿದರು. ಗಳಿಗೆ ಹೊತ್ತು ಉತ್ತರ ತೋರಿಸಿ ಪುನಃ ಮಂಕಾಯಿತು. ಸಪೂರದ ಮುಳ್ಳು, ಉಕ್ಕಿನ ಹದವೇ ಸುಟ್ಟುಹೋಗಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಕೂಗ್ಬೇಡ ಮಾರಾಯ್ತಿ. ಮುಳ್ಳಿಗೆ ಮರೆತ್ರೆ ಎಂತ, ಪಡುವಣ ಎಲ್ಲಿ ಅಂತ ನನಗೆ ಗೊತ್ತುಂಟಲ್ಲ. ಮುಂದಿನ ಸಲ ಪುಸ್ತಕ ಪೂರ್ತಿ ಓದಿ ಬಾ," ಎಂದು ನಕ್ಕರು.

ಕಾಕ ತೀರಿಹೋಗಿ ವರ್ಷವಾಗುತ್ತ ಬಂತು. ಮೊನ್ನೆ ಆ ವಾಸನೆಯ ಗುಂಗಿನಲ್ಲೇ ಕಬಕದಲ್ಲಿ ಇಳಿದು ಅವರ ಮನೆಗೆ ಹೋದೆ. ಅವರ ಹೆಂಡತಿ ಚಾ ಕೊಟ್ಟು, ಅದೂ ಇದೂ ಮಾತಾಡುತ್ತ ಆ ದಿಕ್ಸೂಚಿಯ ವಿಷಯಕ್ಕೆ ಬಂದರು.

"ಇವರೇ ಅದನ್ನು ಕುಲುಮೆಗೆ ಬೀಳಿಸಿ ಹಾಳು ಮಾಡಿದ್ದು ಮಗಳೇ. ನಾನು ಎಷ್ಟು ವರ್ಷ ಬೈದಿದ್ದೇನೆ. ಒಂದು ಮಾತು ಎದುರು ಹೇಳ್ಲಿಲ್ಲ."

ಲೋಟ ಕೆಳಗಿಟ್ಟೆ. "ಅದು ಹಾಳಾದದ್ದು ನನ್ನಿಂದ," ಎಂದೆ.

"ಹಾಗಾದ್ರೆ ನಾನು ಬೈದದ್ದೆಲ್ಲ ಸುಮ್ಮನೆ..." ಎಂದು ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. ತಪ್ಪಾಯಿತು ಎಂದು ಹೇಳಬೇಕಾದವರು ನಾವಿಬ್ಬರೂ ಅಲ್ಲೇ ಇದ್ದೆವು. ಕೇಳಿಸಿಕೊಳ್ಳಲು ಕಾಕ ಇರಲಿಲ್ಲ.