ಕತ್ತಿನಿಂದ ಮೇಲೆ

ಪೂರ್ವ ಜರ್ಮನಿಯ ಸ್ಟ್ರಾಲ್‌ಸುಂಡಿನ ಅರ್ಧ ಊರು ಯುಟ್ಟಾಳ ಕತ್ತರಿಗೆ ತಲೆ ಕೊಟ್ಟಿತ್ತು. ಸಹಕಾರಿ ಸಲೂನಿನಲ್ಲಿ ವರ್ಷಗಟ್ಟಲೆ ನಿಂತು ನಿಂತು ಕಾಲಿನ ನರಗಳು ಉಬ್ಬಿದವು, ನಾಲಿಗೆ ಮಾತ್ರ ಮೊಂಡಾಗಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ಮಾರ್ಲಿಸ್ ಅವಳ ಜೀವದ ಗೆಳತಿ. ಬೇಸಿಗೆ ಬಂತೆಂದರೆ ಎರಡೂ ಸಂಸಾರಗಳು ಪ್ರೆರೋವಿನ ಕಡಲ ದಂಡೆಗೆ ಹೋಗಿ ಮರಳ ದಿಬ್ಬದ ಹಿಂದೆ ಅಕ್ಕಪಕ್ಕ ಡೇರೆ ಹೊಡೆಯುತ್ತಿದ್ದವು.

ಆ ದಂಡೆಯಲ್ಲಿ ಬಟ್ಟೆ ಹಾಕಿಕೊಂಡು ಓಡಾಡುವವನನ್ನೇ ಜನ ತಿರುಗಿ ನೋಡುತ್ತಿದ್ದರು. ಎಲ್ಲರೂ ಹುಟ್ಟಿದ ಹಾಗೇ ಇರುವಾಗ ಕಾರ್ಖಾನೆಯ ಡೈರೆಕ್ಟರ್ ಯಾರು, ಗೇಟು ಕಾಯುವವನು ಯಾರು ಎಂದು ದೇವರಿಗೂ ಗೊತ್ತಾಗುವಂತಿರಲಿಲ್ಲ. ಆದರೆ ಕ್ಯಾಮೆರಾಕ್ಕೆ ಒಂದು ಕಟ್ಟುಪಾಡಿತ್ತು. ತೆಗೆಯುವವನು ಎದ್ದು ನಿಂತು "ಫೋಟೊ" ಎಂದು ಕೂಗಬೇಕು. ಬೇಡ ಅನ್ನುವವರು ನೀರಿಗೆ ಇಳಿಯುತ್ತಾರೆ. ನಿಂತವರಿಗೆಲ್ಲ ಒಂದೊಂದು ಪ್ರತಿ ಸಲ್ಲಬೇಕು. ಯುಟ್ಟಾಳ ಗಂಡ ಎಕಾರ್ಟ್ ಹಡಗುಕಟ್ಟೆಯಲ್ಲಿ ಕ್ರೇನು ನಡೆಸುವವನು. ಬಚ್ಚಲುಮನೆಯಲ್ಲಿ ಕೆಂಪು ಬಲ್ಬು ಹಾಕಿ ಫೋಟೊಗಳನ್ನು ತಾನೇ ತೊಳೆದು ಎಲ್ಲರಿಗೂ ಹಂಚುತ್ತಿದ್ದ.

ಒಂದು ಚಳಿಗಾಲದಲ್ಲಿ ಮಾರ್ಲಿಸಳ ಎಡಮೊಲೆಯನ್ನು ವೈದ್ಯರು ತೆಗೆದುಹಾಕಿದರು. ಮುಂದಿನ ಬೇಸಿಗೆ ಅವಳು ದಂಡೆಗೆ ಬಂದಳು, ಆದರೆ ಉದ್ದದ ನಿಲುವಂಗಿ ತೊಟ್ಟು. ಎಕಾರ್ಟ್ "ಫೋಟೊ" ಎಂದಾಗ ಅವಳು ನೀರಿನ ಕಡೆ ಹೋಗುತ್ತಾಳೆಂದು ಎಲ್ಲರೂ ಕಾದರು. ಅವಳು ನಿಲುವಂಗಿಯನ್ನು ಬಿಚ್ಚಿ ಮರಳಿಗೆ ಎಸೆದು, ಸಾಲಿನ ನಟ್ಟನಡುವೆ ಬಂದು ನಿಂತಳು. ಗಾಯದ ಗೆರೆ ಇನ್ನೂ ಕೆಂಪಾಗಿತ್ತು. ಆ ಫೋಟೊದಲ್ಲಿ ಅವಳಷ್ಟು ಬಾಯ್ತುಂಬ ನಗುತ್ತಿದ್ದವರು ಇನ್ನೊಬ್ಬರಿರಲಿಲ್ಲ.

ಮುಂದೆ ಬರ್ಲಿನ್ನಿನ ಗೋಡೆ ಬಿತ್ತು, ಪಶ್ಚಿಮದವರು ಬಂದರು. ಸಲೂನಿಗೆ ಬಂದ ಒಬ್ಬಾಕೆ ಕನ್ನಡಿಯಲ್ಲೇ ಯುಟ್ಟಾಳನ್ನು ನೋಡುತ್ತ, "ನೀವೆಲ್ಲ ಬತ್ತಲೆ ನಿಂತು ಫೋಟೊ ತೆಗೆಸ್ಕೊಂಡು ಆಲ್ಬಮ್ಮಿಗೆ ಅಂಟಿಸ್ತಿದ್ರಂತೆ, ಹೌದೇನ್ರೀ?" ಎಂದು ಕಿಸಕ್ಕನೆ ನಕ್ಕಳು. ಯಾರ ಮಾತಿಗೂ ಸೋಲದ ಯುಟ್ಟಾ ಅವತ್ತು ತಲೆ ತಗ್ಗಿಸಿ ಅವಳ ಕೂದಲು ಕತ್ತರಿಸಿ ಮುಗಿಸಿದಳು. ಅದೇ ವಾರ ಮಗನಿಗೆ ಹೆಣ್ಣು ಕೊಡುವ ಪಶ್ಚಿಮದ ಹ್ಯಾಂಬರ್ಗಿನ ಬೀಗರು ಕಾಫಿಗೆ ಬರುವವರಿದ್ದರು. ಅವರು ಬರುವ ಹಿಂದಿನ ದಿನ, ಎಕಾರ್ಟ್ ಕೆಲಸಕ್ಕೆ ಹೋಗಿದ್ದಾಗ, ಅವಳು ದಂಡೆಯ ಫೋಟೊಗಳನ್ನೆಲ್ಲ ಮುಂದಿಟ್ಟುಕೊಂಡು ಸಲೂನಿನ ಕತ್ತರಿ ಹಿಡಿದು ಕೂತಳು. ಕೂದಲು ಕತ್ತರಿಸುವ ಅಚ್ಚುಕಟ್ಟಿನಲ್ಲೇ ಒಬ್ಬೊಬ್ಬರನ್ನೂ ಕತ್ತಿನಿಂದ ಮೇಲೆ ಉಳಿಸಿಕೊಂಡು, ಮುಖಗಳನ್ನು ಹೊಸ ಆಲ್ಬಮ್ಮಿಗೆ ಸಾಲಾಗಿ ಅಂಟಿಸಿದಳು. ಮಿಕ್ಕಿದ್ದೆಲ್ಲ, ಸಮುದ್ರ, ಡೇರೆ, ಹೆಗಲ ಮೇಲಿನ ಕೈ, ಜೊತೆಗೆ ನೆಗೆಟಿವ್‌ಗಳೂ, ಒಲೆಗೆ ಹೋದವು.

ಬೀಗರು ಆಲ್ಬಮ್ಮಿನ ಎರಡು ಹಾಳೆ ತಿರುವಿ ಪ್ಲಮ್ ಕೇಕಿನ ಕಡೆಗೆ ಹೊರಳಿದರು. ಅವರಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ. ಅವರು ಹೋದ ಮೇಲೆ ಎಕಾರ್ಟ್ ಅದನ್ನು ಮೊದಲಿಂದ ಕೊನೆಯವರೆಗೆ ನೋಡಿದ.

"ಇವರೆಲ್ಲ ಪಾಸ್‌ಪೋರ್ಟಿಗೆ ಅರ್ಜಿ ಹಾಕ್ಕೊಂಡಿದಾರಾ?" ಎಂದ. ಅಷ್ಟೇ. ಆಮೇಲೆ ಅವನು ಕ್ಯಾಮೆರಾ ಮುಟ್ಟಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಯಿತು ಯುಟ್ಟಾಳ ಪಾಡು. ಗೆಳತಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು. ಪ್ರತಿ ಸಲವೂ ಹವಾಮಾನದ ಮಾತೇ ಹೊರಬಂತು. ದಂಡೆಗೆ ಹೋಗುವುದನ್ನೂ ಮಂಡಿನೋವಿನ ನೆಪ ಹೇಳಿ ಬಿಟ್ಟುಬಿಟ್ಟಳು.

ಹೋದ ವಸಂತದಲ್ಲಿ ಮಾರ್ಲಿಸ್ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತಳು. ಕೋಟನ್ನೂ ಬಿಚ್ಚಲಿಲ್ಲ.

"ವೀಬ್ಕೆಗೂ ಆಪರೇಷನ್ ಆಯ್ತು ಕಣೇ," ಎಂದಳು. ವೀಬ್ಕೆ ಅವಳ ಮಗಳು, ನಲವತ್ತರ ಹತ್ತಿರದವಳು. "ನನ್ನದೇ ಕಾಯಿಲೆ. ಮನೇಲಿರೋ ಕನ್ನಡಿಗೆಲ್ಲ ಬಟ್ಟೆ ಮುಚ್ಚಿಟ್ಟಿದಾಳೆ. ಗಂಡ ರೂಮಿಗೆ ಬಂದ್ರೆ ದೀಪ ಆರಿಸ್ತಾಳೆ. ನಾನು ಹೇಳಿದ್ರೆ, ನಿಮ್ಮ ಕಾಲ ಬೇರೆ ಅಮ್ಮ ಅಂತಾಳೆ. ಆ ಫೋಟೊ ತೋರಿಸ್ಬೇಕು. ನನ್ನ ಪ್ರತಿ ಮನೆ ಬದಲಿಸುವಾಗ ಎಲ್ಲೋ ಹೋಯ್ತು. ನಿನ್ನದು ಕೊಡು."

"ಯಾವ ಫೋಟೊ?" ಎಂದಳು ಯುಟ್ಟಾ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಿತ್ತು ಆ ದನಿ.

"ಗೊತ್ತಿಲ್ದೋರ ಹಾಗೆ ಆಡ್ಬೇಡ ಮಾರಾಯ್ತಿ."

ಬೇರೆ ದಾರಿಯಿರಲಿಲ್ಲ. ಯುಟ್ಟಾ ಆಲ್ಬಮ್ ತಂದು ಹಾಳೆ ತೆರೆದಿಟ್ಟಳು. ಹೆಬ್ಬೆರಳಿನುಗುರಿನಷ್ಟು ಅಗಲದ ಮುಖ ಅಲ್ಲಿ ನಗುತ್ತಿತ್ತು. ಮಾರ್ಲಿಸ್ ಅದರ ಮೇಲೆ ಬೆರಳಿಟ್ಟು, ಗಲ್ಲದ ಕೆಳಗಿನ ಖಾಲಿ ಕಾಗದವನ್ನು ಸವರಿ ನೋಡಿದಳು.

"ಬೀಗರು ಬರ್ತಿದ್ರು," ಎಂದಳು ಯುಟ್ಟಾ. "ನಾಚಿಕೆ ಆಯ್ತು. ಎಲ್ಲರದ್ದೂ ಕತ್ತರಿಸಿದೆ. ನನ್ನದೂ."

"ಯಾರದ್ದನ್ನ ಮೊದಲು ಕತ್ತರಿಸಿದೆ?"

ಇಷ್ಟು ವರ್ಷ ಯುಟ್ಟಾ ಯಾರಾದರೂ ಕೇಳಿಬಿಟ್ಟಾರೆಂದು ಹೆದರಿದ್ದ ಪ್ರಶ್ನೆ ಅದೊಂದೇ. ಸುಳ್ಳು ಹೇಳಬಹುದಿತ್ತು. ನೆನಪಿಲ್ಲ ಎಂದಿದ್ದರೂ ನಡೆಯುತ್ತಿತ್ತು.

"ನಿನ್ನದನ್ನ," ಎಂದಳು. "ಬತ್ತಲೆ ಇದ್ದದ್ದಕ್ಕಲ್ಲ. ಆ ಗಾಯ ಬೇರೆಯವರ ಕಣ್ಣಿಗೆ ಬೀಳಬಾರದು ಅನ್ನಿಸ್ತು. ಮಿಕ್ಕಿದ್ದನ್ನ ಆಮೇಲೆ ಕತ್ತರಿಸಿದ್ದು, ನಿನ್ನೊಬ್ಬಳದ್ದೇ ಕತ್ತರಿಸಿದೆ ಅಂತ ಆಗ್ಬಾರದಲ್ಲ, ಅದಕ್ಕೆ. ತಪ್ಪಾಯ್ತು ಕಣೇ."

ಮಾರ್ಲಿಸ್ ಅಳಲಿಲ್ಲ, ಬಯ್ಯಲೂ ಇಲ್ಲ. ಯುಟ್ಟಾಳಿಗೆ ಅದರಿಂದಲೇ ಹೆಚ್ಚು ನೋವಾಯಿತು. ಬಯ್ದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಗೆಳತಿ ಆಲ್ಬಮ್ ಮುಚ್ಚಿ, ಕೈಚೀಲ ತೆಗೆದುಕೊಂಡು ಎದ್ದಳು.

"ಕೋಟು ಹಾಕ್ಕೋ," ಎಂದಳು.

"ಎಲ್ಲಿಗೆ?"

"ವೀಬ್ಕೆ ಹತ್ರ. ಈಗ ನನಗೆ ಹೇಳಿದ್ಯಲ್ಲ, ಅದನ್ನ ಹಾಗೇ ಅವಳಿಗೆ ಹೇಳು. ಅವಳು ಹೆದರ್ತಿರೋದು ನಿನ್ನಂಥ ಕಣ್ಣಿಗೇ. ಅಂಥ ಕಣ್ಣಿನ ಪಕ್ಕದಲ್ಲೇ ಕೂತು ನಾನು ಇಷ್ಟು ವರ್ಷ ಕೆಲಸ ಮಾಡಿದೀನಿ, ನಕ್ಕಿದೀನಿ, ಸತ್ತಿಲ್ಲ. ಅವಳು ಅದನ್ನ ನೋಡ್ಲಿ."

ಯುಟ್ಟಾ ಕೋಟಿನ ತೋಳಿಗೆ ಕೈ ತೂರಿಸಲು ಹೋದಳು. ತೋಳು ಸಿಕ್ಕಲಿಲ್ಲ. ಮಾರ್ಲಿಸ್ ಕ್ಷಮಿಸಿದೆ ಎನ್ನಲಿಲ್ಲ. ಕೋಟನ್ನು ಹಿಂದಿನಿಂದ ಎತ್ತಿ ಹಿಡಿದು, ಅವಳ ಕೈ ಒಳಗೆ ಹೋಗುವವರೆಗೆ ಕಾದಳು.