ಕೆಂದಿ ಒದ್ದ ಸಂಜೆ

ಆಗ ನನಗೆ ಐವತ್ತೊಂದೋ ಐವತ್ತೆರಡೋ. ಇಪ್ಪತ್ತೈದು ವರ್ಷದ ಮೇಲಾಯಿತು. ಶಕುನ, ಗಾಳಿ, ದೆವ್ವ ಎಂದು ಯಾರಾದರೂ ಬಂದರೆ ಬೈದು ಕಳಿಸುತ್ತಿದ್ದೆ, ಈಗಲೂ ಕಳಿಸುತ್ತೇನೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಇದೊಂದು ಮಾತ್ರ ನನಗೆ ಇನ್ನೂ ಅರ್ಥವಾಗಿಲ್ಲ.

ನನ್ನ ತಮ್ಮ ಮಾದೇವ ಚಾಮರಾಜನಗರದ ಒಂದು ಕಚೇರಿಯಲ್ಲಿ ಜವಾನನಾಗಿದ್ದ. ಅವನ ಎರಡೂ ಕಿಡ್ನಿ ಕೆಟ್ಟವು. ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನದೊಂದನ್ನು ತೆಗೆದು ಅವನಿಗೆ ಹಾಕಿದರು. ದೊಡ್ಡ ತ್ಯಾಗವೇನಲ್ಲ. ನನಗೆ ಎರಡಿದ್ದವು, ಅವನಿಗೆ ಒಂದೂ ಇರಲಿಲ್ಲ.

ಮೈಯೊಳಗೆ ಕಾವಲಿನವರು ಇರುತ್ತಾರಂತೆ. ಬೇರೆಯವರ ಅಂಗ ಬಂದರೆ ಗುರುತು ಹಿಡಿದು ಮೇಲೆ ಬೀಳುತ್ತಾರಂತೆ. ಅವರನ್ನು ಮಂಕು ಮಾಡಲು ಬದುಕಿರುವವರೆಗೂ ಮಾತ್ರೆ ನುಂಗಬೇಕು ಎಂದು ಡಾಕ್ಟರು ಹೇಳಿದರು. ನಮ್ಮ ಹಸುಗಳೂ ಹಾಗೆಯೇ, ಬೇರೆ ಕರುವನ್ನು ಮೂಸಿ ನೋಡಿ ಒದೆಯುತ್ತವೆ, ಮೈಗೆ ಉಪ್ಪುನೀರು ಸವರಿದರೆ ಕೆಲವು ನೆಕ್ಕಿ ಸೇರಿಸಿಕೊಳ್ಳುತ್ತವೆ ಎಂದೆ. ಡಾಕ್ಟರು ನಕ್ಕು, "ಮಾತ್ರೆ ಅಂದ್ರೆ ಆ ಉಪ್ಪುನೀರೇ ಅಂದ್ಕೊಳ್ಳಿ ಅಮ್ಮ" ಎಂದರು.

ಕೆಲವು ತಿಂಗಳಾದ ಮೇಲೆ ಮಾದೇವ ರಜೆ ಹಾಕಿ ಹಂಗಳದ ನನ್ನ ಮನೆಗೆ ಬಂದು ಉಳಿದ. ಆಗ ನನ್ನಲ್ಲಿ ಕೆಂದಿ ಎಂಬ ಹಸು ಇತ್ತು. ನನ್ನ ಕೈ ಬಿಟ್ಟು ಇನ್ನೊಬ್ಬರ ಕೈಗೆ ಹಾಲು ಕೊಡುತ್ತಿರಲಿಲ್ಲ. ಹಿಂದೆ ಮಾದೇವನನ್ನೂ ಎರಡು ಸಲ ಒದ್ದಿತ್ತು. ಈ ಸಲ ಅವನ ಹೊಟ್ಟೆಯ ಹತ್ತಿರ ಮೂಸಿ, ಅಂಗಿ ನೆಕ್ಕಿ, ಸುಮ್ಮನೆ ನಿಂತು ಹಾಲು ಕರೆಸಿಕೊಂಡಿತು. ಪಕ್ಕದ ಮನೆಯ ಸಿದ್ದಮ್ಮ, "ಒಳ್ಗೆ ನೀನೇ ಇದ್ದೀಯಲ್ಲ ಕಣವ್ವ, ಅದ್ಕೇ ಕೊಡ್ತದೆ" ಎಂದಳು. "ಸುಮ್ನಿರಮ್ಮಿ, ಹಿಂಡಿ ಇಡೋನ ಕೈಗೆ ಯಾವ ಹಸ ಆದ್ರೂ ಕೊಡ್ತದೆ" ಎಂದು ಬಾಯಿ ಮುಚ್ಚಿಸಿದೆ. ದಿನವೂ ಅವನೇ ಕರೆಯತೊಡಗಿದ.

ಒಂದು ಸಂಜೆ ಚೆಂಬು ಬಿದ್ದ ಸದ್ದು ಕೇಳಿ ಓಡಿದೆ. ಮಾದೇವ ಗೋಡೆಗೆ ಒರಗಿ ಕೂತಿದ್ದ. ಕೆಂದಿ ಕಿವಿ ನಿಮಿರಿಸಿ, ಹಗ್ಗ ಎಳೆದುಕೊಂಡು, ಅವನ ಕಡೆ ಬುಸುಗುಟ್ಟುತ್ತಿತ್ತು. ಊರಿಗೆ ಹೊಸಬ ಬಂದರೆ ಹಾಗೆ ನೋಡುತ್ತಿತ್ತು. ನಾನು ಹತ್ತಿರ ಹೋದರೆ ತಣ್ಣಗಾಯಿತು. ಅವನು ಎದ್ದು ಬಂದರೆ ಮತ್ತೆ ಕಾಲು ಎತ್ತಿತು.

"ನೊಣ ಕಚ್ಚಿರ್ಬೇಕು ಬುಡಕ್ಕ" ಎಂದ.

"ಮಾತ್ರೆ ತಕೊಂಡಿದ್ದೀಯೇನ್ಲಾ?"

"ಒಂದೂ ತಪ್ಸಿಲ್ಲ ಕಣಕ್ಕ. ಮಾತ್ರೆ ನುಂಗಿ ನುಂಗಿ ಮಕ ನೋಡು, ಕುಂಬಳಕಾಯಿ ಆಗದೆ."

ಜ್ವರ ಇರಲಿಲ್ಲ, ನೋವಿಲ್ಲ ಎಂದ. ಕಾಲು ಒತ್ತಿ ನೋಡಿದೆ, ಊತವೂ ಕಾಣಲಿಲ್ಲ. ಆದರೂ ನನಗೆ ಸುಮ್ಮನಿರಲಾಗಲಿಲ್ಲ. ಅವನು ಬೈದರೂ ಕೇಳದೆ ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹತ್ತಿಸಿ, ಗುಂಡ್ಲುಪೇಟೆ ದಾಟಿ, ಮೈಸೂರಿನಲ್ಲಿ ಬಸ್ಸು ಬದಲಿಸಿ ಬೆಂಗಳೂರಿಗೆ ಕರೆದೊಯ್ದೆ.

ರಕ್ತ ನೋಡಿದರು. ಕಿಡ್ನಿಯಿಂದ ಸೂಜಿಯಲ್ಲಿ ಚೂರು ತೆಗೆದು ನೋಡಿದರು. ಕಾವಲಿನವರು ಎದ್ದಿದ್ದರು. ಮಾತ್ರೆ ತಪ್ಪಿಸದಿದ್ದರೂ ಒಮ್ಮೊಮ್ಮೆ ಹೀಗಾಗುತ್ತದೆ, ಈಗ ತಾನೇ ಶುರುವಾಗಿದೆ ಎಂದರು. "ಏನೂ ಇಲ್ದೇ ಯಾಕೆ ಕರ್ಕೊಂಡು ಬಂದ್ರಿ ಅಮ್ಮ?" ಎಂದು ಡಾಕ್ಟರು ಕೇಳಿದರು. "ಹಸ ಒದೀತು" ಎಂದೆ. ಈ ಸಲ ಅವರು ನಗಲಿಲ್ಲ. ದಿನಾ ರಕ್ತನಾಳಕ್ಕೆ ಮದ್ದು ಏರಿಸಿದರು. ಕಿಡ್ನಿ ಸುಧಾರಿಸಿತು, ಇನ್ನು ಭಯವಿಲ್ಲ ಎಂದು ಮನೆಗೆ ಕಳಿಸಿದರು.

ಹಂಗಳಕ್ಕೆ ಬಂದ ದಿನ ಸಂಜೆ ಮಾದೇವ ತಾನಾಗಿಯೇ ಕೊಟ್ಟಿಗೆಗೆ ಹೋದ. ನಾನು ಬಾಗಿಲಲ್ಲಿ ನಿಂತಿದ್ದೆ. ಕೆಂದಿ ಅವನ ಹೊಟ್ಟೆಯ ಹತ್ತಿರ ಮೂತಿ ಚಾಚಿ ಬಹಳ ಹೊತ್ತು ಮೂಸಿತು. ಆಮೇಲೆ ಹಿಂದೆ ಸರಿದು ಕಾಲು ಬೀಸಿತು.

ಮಾದೇವ ನನ್ನ ಮುಖ ನೋಡಿದ. ಚೆಂಬನ್ನು ನನ್ನ ಕೈಗಿಟ್ಟು ಹೊರಗೆ ಹೋದ.

ಆ ಕಿಡ್ನಿ ಆಮೇಲೆ ಏಳೆಂಟು ವರ್ಷ ಕೆಲಸ ಮಾಡಿ ನಿಂತಿತು. ಅವನೂ ಹೋದ. ಎರಡನೆಯ ಸಲ ಕೆಂದಿ ಸುಳ್ಳು ಹೇಳಿತೋ, ಬಹಳ ಮುಂಚೆಯೇ ನಿಜ ಹೇಳಿತೋ ನನಗೆ ಗೊತ್ತಿಲ್ಲ. ನನ್ನ ಕಿಡ್ನಿ ಅವನೊಳಗೇ ಇತ್ತಲ್ಲ, ಹಸುವಿಗೆ ಅದು ಯಾಕೆ ಬೇರೆಯಾಯಿತು? ತಿಳಿದವರು ಇದ್ದರೆ ಹೇಳಲಿ.

ಕೆಂದಿ ಮತ್ತೆ ಕಾಲು ಬೀಸಿದ ಆ ಸಂಜೆ ನನಗೆ ಒಂದೇ ಗೊತ್ತಿತ್ತು. ದಿನಾ ಸಂಜೆ ಅದರ ಕಾಲು ನೋಡಿಕೊಂಡು ನನ್ನ ತಮ್ಮ ಬದುಕಬಾರದು. ಮಾರನೆಯ ಬೆಳಿಗ್ಗೆ ಅವನು ಏಳುವ ಮೊದಲೇ ಹಾಲು ಕರೆದು, ಕೆಂದಿಯನ್ನು ಬಿಚ್ಚಿ, ಸಂತೆಗೆ ಹೊಡೆದುಕೊಂಡು ಹೋದೆ.